ವರ್ಷಕ್ಕೆ ಎರಡು

ಹರ್ನಿಯಾ ಮಾಡುವಾಗ ಗಂಗಾಧರನ ಕೈ ಅವನನ್ನು ಏನೂ ಕೇಳುತ್ತಿರಲಿಲ್ಲ. ತೊಡೆಸಂದಿಯ ಮಡಿಕೆಯಲ್ಲಿ ಒಂದು ಸಣ್ಣ ಗೀರು, ಅದರ ಕೆಳಗೆ ಇನ್ನೊಂದು ಪದರ, ಅದರೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಚೀಲ. ಬಿಡಿಸಿ, ತಿರುಚಿ, ಕಟ್ಟಿ, ಕತ್ತರಿಸಿ ಮುಗಿಸುವಷ್ಟರಲ್ಲಿ ಅವನು ಬೇರೆಲ್ಲೋ ಇರುತ್ತಿದ್ದ. ಕೋಲಾರದ ಈ ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜನ್ ಆಗಿ ಒಂಬತ್ತು ವರ್ಷ ಕಳೆದಿದ್ದವು. ಎಷ್ಟು ಹರ್ನಿಯಾ ಮಾಡಿದ್ದನೋ ಅವನಿಗೇ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾಗ ಅವನು ಇದ್ದದ್ದು ಮನೆಯ ಊಟದ ಮೇಜಿನ ಮುಂದೆ. ಇಡ್ಲಿ ಬಡಿಸುತ್ತಾ ಹೆಂಡತಿ ಸುನಂದ, "ಶ್ರೀನಿವಾಸಪುರದೋರು ಈ ಸಲಾನೂ ಮಾವಿನಹಣ್ಣು ಕಳ್ಸಿದಾರೆ ಕಣ್ರೀ, ಶೆಡ್ಡಲ್ಲಿ ಇಡ್ಸಿದೀನಿ" ಎಂದಿದ್ದಳು. "ಯಾರಿಗಾದ್ರೂ ಕೊಟ್ಬಿಡು" ಎಂದು ಇವನು ಸಿಡುಕಿದ್ದ. "ಹೋದ ವರ್ಷಾನೂ ಹಿಂಗೇ ಅಂದ್ರಿ, ಅಷ್ಟೂ ಕೊಳ್ತು ನಾರ್ತು. ತಿನ್ನೋಕೇನು ನಿಮಗೆ?" ಎಂದಾಗ ಅರ್ಧ ಇಡ್ಲಿ ಬಿಟ್ಟು ಎದ್ದು ಬಂದಿದ್ದ. ತಿನ್ನೋಕೇನು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೇಳುತ್ತಾಳಲ್ಲ ಎಂದೇ ಅವನಿಗೆ ಸಿಟ್ಟು. ಆ ಸಿಟ್ಟಿನಲ್ಲೇ ಕಾರು ಓಡಿಸಿ, ಕೈ ತೊಳೆದು, ಗೌನು ತೊಟ್ಟು, ಈಗ ಐದು ವರ್ಷದ ಹುಡುಗನೊಬ್ಬನ ಹೊಟ್ಟೆಯ ಕೆಳಗೆ ಕೊನೆಯ ಹೊಲಿಗೆ ಹಾಕುತ್ತಿದ್ದ. ಆಗಲೇ ಬಾಗಿಲಲ್ಲಿ ನರ್ಸು ಇಣುಕಿದಳು. "ಸಾರ್, ಮುಳಬಾಗ್ಲು ಕಡೆಯಿಂದ ಆಂಬುಲೆನ್ಸ್ ಬಂದಿದೆ. ನಿನ್ನೆ ಹುಟ್ಟಿದ ಮಗು. ಬಾಯಲ್ಲಿ ನೊರೆ ನಿಲ್ತಾನೇ ಇಲ್ಲ." ನೊರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ಅಲ್ಲೇ ನಿಂತಿತು. ಎದುರಿಗಿದ್ದ ಅರಿವಳಿಕೆಯ ಡಾಕ್ಟರು ಶಿವಕುಮಾರ ತಲೆಯೆತ್ತಿ ಅವನ ಮುಖ ನೋಡಿದ.

ವಾರ್ಡಿನಲ್ಲಿ ಮೂವರಿದ್ದರು. ಬೈರಕೂರು ಹತ್ತಿರದ ಆವಲಪ್ಪ, ಮಾವಿನ ತೋಟದವನು, ಮಗುವಿನ ತಾತ. ಅವನ ಹೆಂಡತಿ ದೊಡ್ಡಮುನಿಯಮ್ಮ, ಮಗುವನ್ನು ಹಳೇ ಪಂಚೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತಿದ್ದವಳು. ಗೋಡೆಗೆ ಒರಗಿ ನಿಂತಿದ್ದ ಉಮೇಶ ಅವರ ಮಗ, ಕೂಸಿನ ಅಪ್ಪ. ಟೊಮೇಟೊ ಮಂಡಿಯಲ್ಲಿ ಕ್ರೇಟು ಹೊರುವ ದಪ್ಪ ಬೆರಳುಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದ. ಅವನ ಹೆಂಡತಿ ರಂಜಿತ ಸಿಜೇರಿಯನ್ ಆಗಿ ಮುಳಬಾಗಿಲಿನ ಆಸ್ಪತ್ರೆಯಲ್ಲೇ ಮಲಗಿದ್ದಳು. ಗಂಗಾಧರ ತೆಳ್ಳಗಿನ ನಳಿಕೆಯೊಂದನ್ನು ಮಗುವಿನ ಬಾಯಿಂದ ಒಳಗೆ ಬಿಟ್ಟ. ಗೇಣುದ್ದವೂ ಹೋಗಲಿಲ್ಲ, ಮೆತ್ತಗಿನ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟಿತು. ಅವನಿಗೆ ಎಕ್ಸ್‌ರೇ ಬೇಕಿರಲಿಲ್ಲ, ಆದರೂ ತೆಗೆಸಿದ. ಅನ್ನನಾಳ ಮೇಲಿಂದ ಬಂದು ಕುರುಡು ಚೀಲವಾಗಿ ಮುಗಿದಿತ್ತು. ಕೆಳಗಿನ ತುಂಡು ಹೋಗಿ ಉಸಿರಿನ ಕೊಳವೆಗೆ ಅಂಟಿಕೊಂಡಿತ್ತು. ನುಂಗಿದ ಎಂಜಲಿಗೆ ದಾರಿಯಿಲ್ಲ, ಅದಕ್ಕೇ ನೊರೆ. ಆ ನೊರೆ ಉಕ್ಕಿ ಉಸಿರಿಗೆ ಇಳಿದರೆ ಮುಗಿಯಿತು. ನಳಿಕೆಯ ತುದಿಗೆ ಸಿರಿಂಜು ಸಿಕ್ಕಿಸಿ ಅವನು ಎಳೆದ. ಜೊಲ್ಲು ಬಂತು, ಕೂಸಿನ ತುಟಿ ನೀಲಿಯಿಂದ ಕೆಂಪಿಗೆ ತಿರುಗಿತು. ಅಷ್ಟಕ್ಕೇ ಮೂವರೂ ಅವನನ್ನು ದೇವರನ್ನು ನೋಡುವ ಹಾಗೆ ನೋಡಿದರು. ಅವನಿಗೆ ಮೈ ಉರಿಯಿತು.

"ಆಂಬುಲೆನ್ಸ್‌ನೋನು ಸೀದಾ ಬೆಂಗ್ಳೂರಿಗೆ ಅಂತ ಹೊಲ್ಟಿದ್ದ ಸಾರ್," ಎಂದ ಆವಲಪ್ಪ, ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು. "ಮುಳಬಾಗ್ಲು ಡಾಕ್ಟ್ರಮ್ಮನೂ ಅಂಗೇ ಯೋಳಿದ್ರು. ನಾನೇ, ಕೋಲಾರ ಬರ್ತಿದ್ದಂಗೇ, ಇಲ್ಲಿ ತಿರುಗ್ಸಪ್ಪಾ ಅಂದೆ. ವಕ್ಕಲೇರಿ ಮುನಿಕೃಷ್ಣಪ್ಪನ ಮಗ ಇಲ್ಲಿರೋವಾಗ ಇನ್ನೆಲ್ಲಿಗೆ ಓಗೋದು? ನಿಮ್ಮ ತಂದೇರೂ ನಾನೂ ರೇಷ್ಮೆ ಗೂಡಿನ ಮಾರ್ಕೆಟ್‌ನಾಗೆ ಜೊತೇಲಿ ಟೀ ಕುಡ್ದೋರು." ಗಂಗಾಧರ ಗಡಿಯಾರ ನೋಡಿದ. ಇವರು ತಿರುಗಿಸದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಹೊಸಕೋಟೆ ದಾಟಿರುತ್ತಿದ್ದರು. ಅವನ ಹೆಸರು ಹೆದ್ದಾರಿಗೆ ಅಡ್ಡ ಹಾಕಿದ ಗೇಟಿನ ಹಾಗೆ ಆ ಗಾಡಿಯನ್ನು ತಡೆದು ನಿಲ್ಲಿಸಿತ್ತು. ದೊಡ್ಡಮುನಿಯಮ್ಮ ಕೂಸನ್ನು ತೊಟ್ಟಿಲಿಗೆ ಹಾಕಿ ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನನ್ ಮಗಳ ಮಗನ್ಗೆ ಬೀಜದತ್ರ ಊದ್ಕೊಂಡಿದ್ದು ನೀವೇ ಮುಟ್ಟಿದ್ದು ಸಾಮಿ. ಮಾರ್ನೇ ದಿನಕ್ಕೇ ಎಗರಾಡ್ತಿದ್ದ," ಎಂದು, ಆ ಕೈಯನ್ನು ಎತ್ತಿ ತನ್ನ ಕಣ್ಣಿಗೊತ್ತಿಕೊಂಡು, ತನಗೇ ಹೇಳಿಕೊಳ್ಳುವಂತೆ ತೆಲುಗಿನಲ್ಲಿ, "ಮೀ ಹಸ್ತವಾಸಿ ಅಲಾಂಟಿದಿ" ಎಂದಳು. ನಿಮ್ಮ ಕೈಗುಣ ಅಂಥಾದ್ದು. ಅವಳ ರೆಪ್ಪೆಯ ಒದ್ದೆ ಅವನ ಬೆರಳಿಗೆ ತಾಗಿತು. ಬಿಡಿಸಿಕೊಳ್ಳಬೇಕೆನ್ನಿಸಿತು, ಬಿಡಿಸಿಕೊಳ್ಳಲಿಲ್ಲ. ಒಳಗೆಲ್ಲೋ ಹಿತವಾಗಿತ್ತು, ಅದೇ ನಾಚಿಕೆಗೇಡು.

ಕೈಗುಣ. ಈ ಮಾತನ್ನು ಅವನು ಕೇಳದ ದಿನವಿಲ್ಲ. ಈ ಡಾಕ್ಟರ ಕೈಗುಣ ಒಳ್ಳೆಯದು, ಆ ಡಾಕ್ಟರದು ಆಗಿಬರುವುದಿಲ್ಲ. ಮಾಲೂರಿನವರು ರೈಲಿನಲ್ಲಿ ಸಲೀಸಾಗಿ ಬೆಂಗಳೂರಿಗೆ ಹೋಗಬಹುದಾದವರು, ಹರ್ನಿಯಾಕ್ಕೆ ಬಸ್ಸು ಹಿಡಿದು ಇವನ ಹತ್ತಿರ ಬರುತ್ತಿದ್ದರು. ಅದೇನು ಹುಟ್ಟಿನಿಂದ ಬಂದ ಮಚ್ಚೆಯೋ, ತಾಯಿತವೋ? ಮಾಡಿ ಮಾಡಿ ಮಾಡಿ ಕೈಗೆ ಬಂದದ್ದು, ಅಷ್ಟೇ. ಹರ್ನಿಯಾ ದಿನಾ ಮಾಡುತ್ತಾನೆ, ಹರ್ನಿಯಾಕ್ಕೆ ಅವನ ಕೈಗುಣ ಒಳ್ಳೆಯದು. ಈ ಕುರುಡು ಅನ್ನನಾಳದ ಮಕ್ಕಳು ಅವನ ಹತ್ತಿರ ವರ್ಷಕ್ಕೆ ಒಂದು ಬಂದರೆ ಬಂತು, ಎರಡು ಬಂದರೆ ಹೆಚ್ಚು. ಬೆಂಗಳೂರಿನಲ್ಲಿ ಕಲಿಯುತ್ತಿದ್ದಾಗ ಅವನ ಗುರು ಚನ್ನರಾಯಪ್ಪನವರು ಆಪರೇಷನ್ ನಡುವೆ ಕನ್ನಡಕದ ಮೇಲಿಂದ ನೋಡುತ್ತಾ ಹೇಳಿದ್ದರು: "ವರ್ಷಕ್ಕೆ ಎರಡು ಮಾಡೋನು ಪ್ರತಿಸಲಾನೂ ಮೊದಲನೇದೇ ಮಾಡ್ತಿರ್ತಾನೆ ಕಣಯ್ಯ." ಆಗ ಎಲ್ಲರೂ ನಕ್ಕಿದ್ದರು, ಇವನೂ ನಕ್ಕಿದ್ದ. ಅಲ್ಲಿ ನಗುವುದು ಸುಲಭವಾಗಿತ್ತು. ಅಲ್ಲಿ ಇವನು ಕೈಚಾಚುವ ಮೊದಲೇ ನರ್ಸು ಬೇಕಾದ ದಾರವನ್ನು ಕೈಗಿಡುತ್ತಿದ್ದಳು. ಅರಿವಳಿಕೆಯವರು ಮಗುವಿನ ಉಸಿರನ್ನು ಕಿವಿಯಲ್ಲೇ ಅಳೆಯುತ್ತಿದ್ದರು. ವಾರ್ಡಿನ ಆಯಾ ಕೂಡ ತೊಟ್ಟಿಲ ಪಕ್ಕ ಹಾದುಹೋಗುತ್ತಾ, "ಇದ್ಯಾಕೋ ಸರಿಯಿಲ್ಲ, ನೋಡಿ" ಎನ್ನುತ್ತಿದ್ದಳು. ಆ ಇಡೀ ಆಸ್ಪತ್ರೆಗೇ ಒಂದು ಕೈಗುಣವಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಕೋಲಾರಕ್ಕೆ ತರಬಹುದೆಂದು ಅವನು ತಿಳಿದಿದ್ದ. ನಮ್ಮ ಕಡೆಯ ಕೂಸುಗಳು ಹೆದ್ದಾರಿಯ ಮೇಲೆ, ಟ್ರಾಫಿಕ್ಕಿನಲ್ಲಿ, ಅಜ್ಜಿಯರ ತೊಡೆಯ ಮೇಲೆ ಸಾಯಬಾರದು ಎಂದುಕೊಂಡು ಬಂದಿದ್ದ. ಬಂದ ಮೊದಲ ವರ್ಷ ಊರೂರಿಗೆ ಹೋಗಿ ಡಾಕ್ಟರುಗಳಿಗೆಲ್ಲ ಹೇಳಿದ್ದ, ಕಳಿಸಿ, ನಾನಿದ್ದೇನೆ ಎಂದು. ಕೆಲವರು ಕಳಿಸಿದರು. ಅನುಕೂಲವಿದ್ದವರು ಕೋಲಾರದಲ್ಲಿ ನಿಲ್ಲದೆ ಮುಂದಕ್ಕೆ ಹೋದರು. ಒಂದಷ್ಟು ಮಕ್ಕಳು ಅಲ್ಲಿ, ಒಂದೆರಡು ಇಲ್ಲಿ, ಇನ್ನೊಂದು ಮತ್ತೆಲ್ಲೋ. ಮಕ್ಕಳು ಹೀಗೆ ಹಂಚಿಹೋಗಿ ಈ ಕಡೆ ಯಾರ ಕೈಯೂ ಪಳಗಲಿಲ್ಲ. ಮಕ್ಕಳು ಬಾರದೆ ಕೈ ಪಳಗುವುದಿಲ್ಲ, ಕೈ ಪಳಗದೆ ಮಕ್ಕಳನ್ನು ಕರೆಯುವ ಹಾಗಿಲ್ಲ. ಒಂಬತ್ತು ವರ್ಷದಿಂದ ಗಾಣದೆತ್ತಿನ ಹಾಗೆ ಇದೇ ಸುತ್ತಿನಲ್ಲಿ ಸುತ್ತಿ ಅವನಿಗೆ ಸಾಕಾಗಿಹೋಗಿತ್ತು.

ಹೊರಗೆ ಮೊಗಸಾಲೆಯಲ್ಲಿ ಶಿವಕುಮಾರ ಫೋನು ಹಿಡಿದುಕೊಂಡು ನಿಂತಿದ್ದ. ಮಾಲೂರಿನವನು, ದಿನಾ ಕಾರಿನಲ್ಲಿ ಬಂದು ಹೋಗುವವನು, ಕಾಲೇಜಿನಿಂದ ಸ್ನೇಹಿತ. "ಆಸ್ಪತ್ರೆ ಮಾಲೀಕರು ನಿನಗೆ ಫೋನ್ ಮಾಡಿ ಮಾಡಿ ನನಗೆ ಮಾಡಿದ್ರು. ಹೊಸ ವೆಂಟಿಲೇಟರು ಬಂದು ಆರು ತಿಂಗಳಾಯ್ತು, ಇನ್ನೂ ಪ್ಲಾಸ್ಟಿಕ್ ಕವರೇ ತೆಗೆದಿಲ್ಲ ಅಂತಾರೆ. ಇಲ್ಲೇ ಮಾಡ್ಬೇಕಂತೆ." ಗಂಗಾಧರ ಕಿಟಕಿಯಾಚೆ ನೋಡಿದ. ರಸ್ತೆಯ ಎದುರಿಗೆ ಅವನದೇ ಫೋಟೋ ಇದ್ದ ಬ್ಯಾನರು ಗಾಳಿಗೆ ಒಂದು ಮೂಲೆ ಕಿತ್ತು ಪಟಪಟ ಬಡಿದುಕೊಳ್ಳುತ್ತಿತ್ತು: ನವಜಾತ ಶಿಶುಗಳ ಶಸ್ತ್ರಚಿಕಿತ್ಸೆ ಈಗ ಕೋಲಾರದಲ್ಲೇ. ಫೋಟೋದಲ್ಲಿ ಅವನು ಕೈಕಟ್ಟಿಕೊಂಡು ನಗುತ್ತಿದ್ದ. "ನೀನೇನಂತೀಯ?" ಎಂದು ಕೇಳಿದ. ಶಿವಕುಮಾರ ಫೋನನ್ನು ಜೇಬಿಗಿಟ್ಟು, "ಲೇ, ನಿಜ ಹೇಳ್ಲಾ? ಎರಡು ಕೆಜಿ ಮಗೂಗೆ ನಾನು ಅರಿವಳಿಕೆ ಕೊಟ್ಟು ಒಂದು ವರ್ಷದ ಮೇಲಾಯ್ತು. ನೀನು ಮಾಡ್ತೀನಿ ಅಂದ್ರೆ ನಿಲ್ತೀನಿ. ಆದ್ರೆ ಕೈ ನಡುಗುತ್ತೆ ಕಣೋ," ಎಂದ. ಅವನ ಪ್ರಾಮಾಣಿಕತೆಯೂ ಗಂಗಾಧರನಿಗೆ ಆ ಕ್ಷಣದಲ್ಲಿ ಕಿರಿಕಿರಿಯಾಯಿತು. ನಡುಗುವುದಿಲ್ಲ ಎಂದು ಸುಳ್ಳು ಹೇಳಿದ್ದರೂ ನಂಬಿಬಿಡುತ್ತಿದ್ದನೇನೋ.

ಯಾಕೆಂದರೆ ಮಾಡಬೇಕೆಂಬ ಆಸೆ ಅವನಿಗಿತ್ತು. ಹಸಿವಿನ ಹಾಗೆ ಇತ್ತು. ಹುರುಳಿಕಾಯಿಗಿಂತ ಸಣ್ಣ ಎರಡು ತುದಿಗಳು, ಕೂದಲಿಗಿಂತ ಸಣ್ಣ ದಾರ, ಒಂದರ ಬಾಯಿಗೆ ಇನ್ನೊಂದರ ಬಾಯಿ ಕೂಡುವ ಆ ಗಳಿಗೆ. ಅದಕ್ಕಾಗಿಯೇ ಅವನು ಅಷ್ಟು ವರ್ಷ ಓದಿದ್ದು, ಊರಿನ ಗಂಡುಮಕ್ಕಳ ಮುಂದೊಗಲು ಕತ್ತರಿಸುತ್ತಾ ಕೂರುವುದಕ್ಕಲ್ಲ. ಎರಡು ವರ್ಷದ ಹಿಂದೆ ಶ್ರೀನಿವಾಸಪುರದ ಮಗುವಿಗೆ ಅವನು ಹಾಕಿದ ಹೊಲಿಗೆ ಚೆನ್ನಾಗಿಯೇ ಇತ್ತು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಆರನೆಯ ದಿನ ಆ ಹೊಲಿಗೆ ಎಲ್ಲೋ ಸಡಿಲಿತು. ಸಡಿಲಿದ್ದನ್ನು ಕಂಡುಹಿಡಿಯಲು ರಾತ್ರಿ ಇದ್ದವಳು ಆ ವಾರವಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಮಗು ಜೋರಾಗಿ ಉಸಿರಾಡುತ್ತಿತ್ತು, ನಿದ್ದೆ ಅಂದ್ಕೊಂಡೆ ಸಾರ್ ಎಂದು ಅತ್ತಳು. ಅವಳಾದರೂ ಅಂಥ ಮಗುವನ್ನು ಮುಂಚೆ ಯಾವಾಗ ನೋಡಿದ್ದಳು? ಯಾರನ್ನು ಬಯ್ಯುವುದು? ಮಗುವಿನ ತಂದೆ ಶ್ರೀರಾಮಪ್ಪ ಹೊರಡುವಾಗ ಇವನ ಕೈ ಹಿಡಿದು, "ನೀವು ಮಾಡೋದೆಲ್ಲ ಮಾಡಿದ್ರಿ ಸಾರ್, ನಮ್ಮ ಹಣೇಲಿರ್ಲಿಲ್ಲ" ಎಂದು ಸಮಾಧಾನ ಹೇಳಿದ್ದ. ಸಮಾಧಾನವನ್ನು ಇವನಿಗೆ ಹೇಳಿದ್ದ! ಆ ವರ್ಷವೇ ಮಾವು ಬಂದಾಗ ಬುಟ್ಟಿ ಬಂತು. ಏನನ್ನು ಕ್ಷಮಿಸುತ್ತಿದ್ದೇನೆ ಎಂದು ಗೊತ್ತಿಲ್ಲದೆ ಕ್ಷಮಿಸಿದವನ ಹಣ್ಣು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಬೆಂಗಳೂರಿಗೆ ಹೋಗಿದ್ದರೆ ಆ ಕೂಸು ಬದುಕುತ್ತಿತ್ತೇ? ಬದುಕುತ್ತಿತ್ತು ಎಂದು ಖಂಡಿತವಾಗಿ ಹೇಳಲು ಬರುವುದಿಲ್ಲ. ಅದು ಇನ್ನೂ ಹಿಂಸೆ. ಬದುಕುತ್ತಿತ್ತು ಅಂತಲೇ ಆಗಿದ್ದರೆ ಇಂಥ ಆಪರೇಷನ್ನುಗಳನ್ನೇ ಎಂದೋ ಬಿಟ್ಟುಬಿಡಬಹುದಿತ್ತು.

ಅವನು ಬೆಂಗಳೂರಿನ ತನ್ನ ಹಳೆಯ ಆಸ್ಪತ್ರೆಗೆ ಫೋನು ಮಾಡಿದ. ಚನ್ನರಾಯಪ್ಪನವರು ಸಿಗಲಿಲ್ಲ, ಕಲಿಯುತ್ತಿರುವ ಯಾವನೋ ಹುಡುಗ ಎತ್ತಿಕೊಂಡ. "ಬೆಡ್ ಇದೆ ಸಾರ್, ಕಳ್ಸಿ. ಯಾವ ಆಸ್ಪತ್ರೆ ಅಂದ್ರಿ? ಕೋಲಾರದಲ್ಲಾ? ತಲೆ ಎತ್ತರದಲ್ಲಿ ಇಟ್ಟಿದೀರಾ? ಹಾಲು ಕುಡಿಸಿಲ್ಲ ತಾನೆ? ಜೊಲ್ಲು ಆಗಾಗ ಎಳೀತಿರ್ಬೇಕು, ಗೊತ್ತಲ್ಲ ಸಾರ್?" ಗಂಗಾಧರ, "ಗೊತ್ತು" ಎಂದ. ತಾನು ಅದೇ ವಾರ್ಡಿನಲ್ಲಿ ಮೂರು ವರ್ಷ ಸವೆಸಿದವನು ಎಂದು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಆ ಹುಡುಗ ಯಾರನ್ನೋ, "ಆ ಮಗೂನ ಆಚೆ ಕಡೆ ಶಿಫ್ಟ್ ಮಾಡಿ, ಇನ್ನೊಂದು ಬರ್ತಾ ಇದೆ" ಎಂದು ಕೂಗಿ ಫೋನು ಇಟ್ಟ. ಇನ್ನೊಂದು ಬರ್ತಾ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ವಿಷಯ ಹೇಳುವ ಹಾಗೆ ಹೇಳಿದ. ಗಂಗಾಧರನಿಗೆ ಹೊಟ್ಟೆಕಿಚ್ಚಾಯಿತು, ಅದೇ ಉಸಿರಿನಲ್ಲಿ, ಈ ಮಗು ಹೋಗಬೇಕಾದ್ದು ಅಲ್ಲಿಗೇ ಎಂದು ಸ್ಪಷ್ಟವೂ ಆಯಿತು.

ಹೋಗುವುದಕ್ಕೆ ಇವರು ಒಪ್ಪಬೇಕಲ್ಲ. "ಅಲ್ಲಿ ಸವಲತ್ತು ಜಾಸ್ತಿ ಆವಲಪ್ಪೋರೇ, ಕರ್ಕೊಂಡು ಹೋಗಿ" ಎಂದ. "ಇಲ್ಲೂ ಹೊಸಾ ಮಿಷನ್ ಬಂದೈತಂತಲ್ಲ ಸಾರ್? ಬೋರ್ಡ್ ಹಾಕೌರೆ, ನಿಮ್ಮ ಫೋಟೋನೂ ಐತೆ" ಎಂದ ಆವಲಪ್ಪ. "ಮಿಷನ್ ಮಾತಲ್ಲ. ಅವರು ದಿನಾ ಇದೇ ಕೆಲಸ ಮಾಡ್ತಾರೆ. ನಾನು ಯಾವಾಗಲೋ ಒಂದು." ಆವಲಪ್ಪ ಅದನ್ನೂ ಯೋಚಿಸಿದ. "ದಿನಾ ಮಾಡೋರು ಬಿರಬಿರ್ನೆ ಮುಗಿಸಿ ಕಳ್ಸ್ತಾರೆ ಸಾರ್. ನೀವಾದ್ರೆ ನಮ್ಮೋರು ಅಂತ ನಿದಾನಕ್ಕೆ ಮಾಡ್ತೀರಾ." ಗಂಗಾಧರನಿಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಇವನು ಮಾವಿನ ತೋಟದವನು, ಹೀಗೆ ಹೇಳಿದರೆ ತಿಳಿದೀತು ಎಂದುಕೊಂಡು, "ನಿಮ್ಮ ಗಿಡಕ್ಕೆ ಕಸಿ ಕಟ್ಟೋಕೆ ಯಾರನ್ನ ಕರೀತೀರ? ವರ್ಷಕ್ಕೆ ಎರಡು ಕಟ್ಟೋನನ್ನಾ, ದಿನಾ ಇಪ್ಪತ್ತು ಕಟ್ಟೋನನ್ನಾ?" ಎಂದು ಕೇಳಿದ. ಆವಲಪ್ಪ ಒಂದು ಕ್ಷಣವೂ ತಡೆಯದೆ, "ನಮ್ಮ ಬಾಮೈದನ್ನ ಕರೀತೀವಿ ಸಾರ್. ಅವನ ಕೈ ಒಳ್ಳೇದು" ಎಂದ. ಗೋಡೆಗೆ ಒರಗಿದ್ದ ಉಮೇಶ, ಅಲ್ಲಿಯವರೆಗೆ ಬಾಯಿ ಬಿಡದವನು, "ನೀವೇ ಮಾಡಿ ಸಾರ್. ಏನಾದ್ರೂ ಆದ್ರೆ ನಿಮ್ಮನ್ನ ಅನ್ನಲ್ಲ" ಎಂದ. ಆ ಮಾತೇ ಗಂಗಾಧರನನ್ನು ತಿವಿದದ್ದು. ಅನ್ನುವುದಿಲ್ಲ ಇವರು. ಅದೇ ತೊಂದರೆ. ಆರನೆಯ ದಿನವೂ ಅನ್ನುವುದಿಲ್ಲ. ಮುಂದಿನ ಮಾವಿನ ಕಾಲಕ್ಕೆ ಬೈರಕೂರಿನಿಂದಲೂ ಒಂದು ಬುಟ್ಟಿ ಬರುತ್ತದೆ.

ಇವರನ್ನು ಎಬ್ಬಿಸಲು ದಾರಿ ಒಂದೇ ಇತ್ತು. ಅದು ಬೆಳಗ್ಗೆಯಿಂದ ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಉಳಿದ ದಾರಿಗಳನ್ನೆಲ್ಲ ತುಳಿದು ನೋಡಿದ್ದ. ಈ ಸೀಮೆಯಲ್ಲಿ ಡಾಕ್ಟರೊಬ್ಬನ ಕೈಗುಣ ಕೆಟ್ಟಿತೆಂದರೆ ಬಸ್ಸಿಗಿಂತ ಮೊದಲು ಆ ಮಾತು ಊರು ಸೇರುತ್ತದೆ. ಹಾಲಿನ ಡೇರಿಯಲ್ಲಿ, ಟೊಮೇಟೊ ಮಂಡಿಯಲ್ಲಿ, ಮದುವೆ ಮನೆಯಲ್ಲಿ ಹರಡುತ್ತದೆ. ಹರ್ನಿಯಾ, ಕಿವಿಯ ಗಂಟು, ಮುಂದೊಗಲು ಎಂದು ಜನ ಅದರಲ್ಲಿ ಭೇದ ಮಾಡುವುದಿಲ್ಲ. ಗಂಗಾಧರ ದೊಡ್ಡಮುನಿಯಮ್ಮನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಅವಳು ಆಗ ಮತ್ತೆ ಅವನ ಕೈ ಹಿಡಿದುಕೊಂಡಿದ್ದಳು. "ಅಮ್ಮಾ, ಇಂಥ ಕೂಸುಗಳು ನನ್ನ ಕೈಲಿ ಸತ್ತಿದಾವೆ," ಎಂದ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಪಕ್ಕದ ಮಂಚದವರು ತಿರುಗಿ ನೋಡಿದರು. "ಎರಡು ವರ್ಷದ ಹಿಂದೆ ಶ್ರೀನಿವಾಸಪುರದ್ದು. ಅದರ ಮುಂಚೆ ಇನ್ನೊಂದು. ಅದಕ್ಕೂ ಮುಂಚೆ. ಬಂದದ್ದರಲ್ಲಿ ಅರ್ಧ ಉಳಿದಿಲ್ಲ. ಬೆಂಗಳೂರಲ್ಲಿ ಹತ್ತಕ್ಕೆ ಒಂಬತ್ತು ಉಳೀತವೆ. ಈ ಕೂಸಿಗೆ ನನ್ನ ಕೈ ಆಗಿಬರಲ್ಲ." ಅವಳು ಅವನ ಮುಖವನ್ನು ನೋಡಲಿಲ್ಲ, ಕೈಯನ್ನು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಅವನ ಮಂಡಿಯ ಮೇಲೆ ಇಟ್ಟು, ತನ್ನ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬೇಕೆಂದು ಮಾಡಿದ್ದಲ್ಲ ಅದು. ಅವಳ ಕೈ ತಾನಾಗಿ ಮಾಡಿತು. "ಎತ್ಲಾ ಉಮೇಸಾ, ನಡಿ" ಎಂದಳು.

ಆಂಬುಲೆನ್ಸ್ ಮುಳಬಾಗಿಲಿನ ಖಾಸಗಿ ಗಾಡಿ. ಡ್ರೈವರನನ್ನು ಬಿಟ್ಟರೆ ಒಂದು ಆಕ್ಸಿಜನ್ ಸಿಲಿಂಡರು, ಮತ್ತು ಜೊಲ್ಲು ಎಳೆಯುವ, ಕೆಟ್ಟುನಿಂತ ಒಂದು ಸಕ್ಷನ್ ಯಂತ್ರ. ನವಜಾತ ವಾರ್ಡಿನಲ್ಲಿ ಆ ಹೊತ್ತು ಇದ್ದವಳು ಒಬ್ಬಳೇ ನರ್ಸು, ಅವಳನ್ನು ಕಳಿಸುವ ಹಾಗಿರಲಿಲ್ಲ. ನಾನೇ ಬರುತ್ತೇನೆ ಎಂದು ಗಂಗಾಧರ ಹಿಂದಿನ ಬಾಗಿಲಿನಿಂದ ಹತ್ತಿ ಕೂತ. ಮಾಲೀಕರ ಫೋನು ಜೇಬಿನಲ್ಲಿ ಗುರ್ ಎನ್ನುತ್ತಿತ್ತು. ಆವಲಪ್ಪ ಡ್ರೈವರನ ಪಕ್ಕ, ಉಮೇಶ ಹಿಂದೆ ತಾಯಿಯ ಪಕ್ಕ. ದೊಡ್ಡಮುನಿಯಮ್ಮ ಕೂಸಿನ ತಲೆಯನ್ನು ಎತ್ತರಕ್ಕಿಟ್ಟು ತೋಳಿನ ಮೇಲೆ ಮಲಗಿಸಿಕೊಂಡಿದ್ದಳು. ಗಾಡಿ ಹೊರಟ ಸ್ವಲ್ಪಕ್ಕೇ ನೊರೆ ಉಕ್ಕಿತು. ಗಂಗಾಧರ ಸಿರಿಂಜಿಗೆ ಕೈಹಾಕಿದ. ಅವಳು ಕೂಸನ್ನು ಆಚೆ ತಿರುಗಿಸಿ, ಮೇಲೆ ಸೆರಗು ಮುಚ್ಚಿದಳು. "ಬೇಡ ಸಾಮಿ. ಆ ಕೈ ಬೇಡ." "ಅಮ್ಮಾ, ಇದು ಆಪರೇಷನ್ ಅಲ್ಲ, ಬರೀ ಜೊಲ್ಲು ಎಳೆಯೋದು." "ನೀವೇ ಯೋಳಿದ್ರಲ್ಲ, ಆಗಿಬರಲ್ಲ ಅಂತ." ಸಿಟ್ಟಿನಿಂದ ಅವನ ಕಿವಿ ಬಿಸಿಯಾಯಿತು. ಈ ಮುದುಕಿಯ ಕೈಯಿಂದ ಕೂಸನ್ನು ಕಿತ್ತುಕೊಳ್ಳಬೇಕೆನ್ನಿಸಿತು. ಕಿತ್ತಾಡುವುದಕ್ಕೆ ಹೊತ್ತಿರಲಿಲ್ಲ. ಸಿರಿಂಜನ್ನು ಉಮೇಶನ ಕೈಗಿಟ್ಟು, "ಎಳಿ" ಎಂದ. ಉಮೇಶ ಕ್ರೇಟು ಎತ್ತುವವನ ಹಾಗೆ ಹಲ್ಲು ಕಚ್ಚಿ ಒಮ್ಮೆಲೇ ಎಳೆದ. ನಳಿಕೆ ಒಳಗೆ ಅಂಟಿಕೊಂಡಿತು, ಏನೂ ಬರಲಿಲ್ಲ, ಕೂಸು ಕೆಮ್ಮಿ ನೀಲಿಯಾಯಿತು. "ಮೆಲ್ಲಗೆ! ಬೆರಳಲ್ಲಿ ಎಳಿ, ತೋಳಲ್ಲಿ ಅಲ್ಲ. ಬಿಡು. ಈಗ ಎಳಿ. ಬಂತಾ? ಸಾಕು." ಉಮೇಶನ ಹಣೆಯಿಂದ ಬೆವರು ಸಿರಿಂಜಿನ ಮೇಲೆ ತೊಟ್ಟಿಕ್ಕಿತು.

ನರಸಾಪುರದವರೆಗೂ ಹೀಗೆಯೇ ನಡೆಯಿತು. ಗಂಗಾಧರ ತನ್ನೆರಡು ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತು, "ಈಗ", "ಇನ್ನೊಂದು ಸಲ", "ನಿಲ್ಲಿಸು" ಎನ್ನುತ್ತಿದ್ದ. ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಅವನ ಬಲಗೈ ತಾನಾಗಿ ಮುಂದೆ ಬರುತ್ತಿತ್ತು, ದೊಡ್ಡಮುನಿಯಮ್ಮ ಅದನ್ನು ನೋಡುತ್ತಿದ್ದಳು, ಅವನು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಓದಿಗೆ ಅಪ್ಪ ಮಾಡಿದ ಖರ್ಚು, ಚನ್ನರಾಯಪ್ಪನವರ ಬೈಗುಳ, ರಾತ್ರಿಯೆಲ್ಲ ಕೋಳಿಯ ಕರುಳಿನ ಮೇಲೆ ಹೊಲಿಗೆ ಕಲಿತದ್ದು, ಎಲ್ಲ ಈಗ ಮಂಡಿಗಳ ನಡುವೆ ಕೂತಿತ್ತು. ಹೊಸಕೋಟೆ ಸಮೀಪಿಸುವ ಹೊತ್ತಿಗೆ ಕೂಸಿನ ಗಂಟಲಲ್ಲಿ ಗೊರಕೆಯಂಥ ಸಣ್ಣ ಸದ್ದಾಯಿತು. "ಈಗ" ಎನ್ನಲು ಅವನು ಬಾಯಿ ತೆರೆದ. ಉಮೇಶ ಅಷ್ಟರಲ್ಲಿ ಎಳೆದು ಮುಗಿಸಿದ್ದ. ನೊರೆ ಇನ್ನೂ ತುಟಿಗೆ ಬಂದಿರಲಿಲ್ಲ. ಅದು ಬರುವ ಮುಂಚಿನ ಸದ್ದು ಅವನಿಗೆ ತಿಳಿಯತೊಡಗಿತ್ತು. ಕೆ.ಆರ್.ಪುರದ ಟ್ರಾಫಿಕ್ಕಿನಲ್ಲಿ ಗಾಡಿ ಸೈರನ್ನು ಕೂಗುತ್ತಾ ಬಹಳ ಹೊತ್ತು ನಿಂತಿತು. ಡ್ರೈವರನೂ ಆವಲಪ್ಪನೂ ತೆಲುಗಿನಲ್ಲಿ ಲೋಕವನ್ನೆಲ್ಲ ಬೈದರು. ಉಮೇಶ ಈಗ ಕಿಟಕಿಯಾಚೆ ನೋಡುತ್ತಿದ್ದ, ಹೆಂಡತಿಗೆ ಫೋನಿನಲ್ಲಿ, "ಅಳ್ಬೇಡ ಕಣೇ, ಕೆಂಪುಗೇ ಅವ್ನೆ" ಎನ್ನುತ್ತಿದ್ದ. ಇನ್ನೊಂದು ಕೈ ಇಷ್ಟಿಷ್ಟು ಹೊತ್ತಿಗೆ ಬೇಕಾದಷ್ಟೇ ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿತ್ತು. ಅವನ ಕೈ ಅವನನ್ನು ಏನೂ ಕೇಳುತ್ತಿರಲಿಲ್ಲ. ಗಂಗಾಧರ ಅದನ್ನು ನೋಡುತ್ತಾ ಕೂತ.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನರ್ಸು ಬಂದು ಕೂಸನ್ನು ಎತ್ತಿಕೊಂಡಳು. ಯಾರನ್ನೂ ಏನೂ ಕೇಳದೆ, ನಡೆಯುತ್ತಲೇ, ಒಂದು ಬೆರಳಿನಲ್ಲಿ ನಳಿಕೆ ಸರಿಯಾಗಿದೆಯೇ ನೋಡಿ, ಇನ್ನೊಂದು ಕೈಯಲ್ಲಿ ಬಾಗಿಲು ತಳ್ಳಿ ಒಳಗೆ ಹೋದಳು. ಫೋನಿನಲ್ಲಿ ಮಾತಾಡಿದ್ದ ಹುಡುಗ ಡಾಕ್ಟರು ಹೊರಗೆ ಬಂದು, "ನೀಟಾಗಿ ತಂದಿದೀರ ಸಾರ್, ಎದೆ ಕ್ಲಿಯರ್ ಇದೆ. ಸಾಯಂಕಾಲ ಥಿಯೇಟರಿಗೆ ತಗೋತೀವಿ," ಎಂದ. ಕಾಗದಗಳ ಮೇಲೆ ಸಹಿ ಹಾಕಿಸಿಕೊಳ್ಳುತ್ತಾ, ಆಕಳಿಕೆ ತಡೆದುಕೊಂಡು, "ಈ ವಾರ ಇದು ಮೂರನೇದು" ಎಂದ. ಗಂಗಾಧರ, "ಮೂರನೇದಾ?" ಎಂದು ಕೇಳಿದ. "ಹ್ಞೂ ಸಾರ್, ಸ್ವಲ್ಪ ಕಮ್ಮಿನೇ" ಎಂದು ಹುಡುಗ ಒಳಗೆ ಹೋದ. ಅಷ್ಟರಲ್ಲಿ ಕೋಲಾರದಿಂದ ನರ್ಸು ಫೋನು ಮಾಡಿದಳು: ನಾಳೆ ಬೆಳಿಗ್ಗೆ ಬೈರಕೂರಿನಿಂದ ಬರಬೇಕಾಗಿದ್ದ ಮಗುವಿನ ಕಡೆಯವರು ಬರುವುದಿಲ್ಲವಂತೆ, ಬೇರೆ ಕಡೆ ತೋರಿಸುತ್ತಾರಂತೆ. "ಅದು ಹರ್ನಿಯಾ ಅಲ್ವಾ?" ಎಂದು ಕೇಳಿದ. "ಹರ್ನಿಯಾನೇ ಸಾರ್." ಅವನಿಗೆ ರೇಗಿತು, ಬಹಳ ರೇಗಿತು, ಯಾರ ಮೇಲೆ ಎಂದು ತಿಳಿಯದೆ ಫೋನನ್ನು ಜೇಬಿಗೆ ಹಾಕಿಕೊಂಡ.

ಬಾಗಿಲ ಹೊರಗಿನ ಬೆಂಚಿನ ಮೇಲೆ ಉಮೇಶ ಖಾಲಿ ಸಿರಿಂಜನ್ನು ಹಿಡಿದುಕೊಂಡೇ ಕೂತಿದ್ದ. ಹೆಬ್ಬೆರಳು ಇನ್ನೂ ಆಡುತ್ತಿತ್ತು. "ಸಾಕು ಉಮೇಶ, ಇನ್ನು ಅವರು ನೋಡ್ಕೋತಾರೆ" ಎಂದು ಗಂಗಾಧರ ಅದನ್ನು ತೆಗೆದುಕೊಂಡ. ಆವಲಪ್ಪ ನೀರು ತರಲು ಹೋಗಿದ್ದ. ದೊಡ್ಡಮುನಿಯಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಈ ಊರಿನಲ್ಲಿ ಅವಳಿಗೆ ಗುರುತಿನವರು ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ, ಇವನ ಕಡೆಗೆ ತಿರುಗದೆ, ಇವನನ್ನಲ್ಲದೆ ಇನ್ನಾರನ್ನೂ ಕೇಳುವ ಹಾಗಿಲ್ಲವಲ್ಲ ಎಂಬ ದನಿಯಲ್ಲಿ ಕೇಳಿದಳು: "ಒಳ್ಗೆ ಮಾಡೋರು ಔರಲ್ಲ, ಅವರ ಹಸ್ತವಾಸಿ ಎಂಗೆ ಸಾಮಿ?"

ಹೇಳುವುದು ಬಹಳ ಇತ್ತು. ಹಸ್ತವಾಸಿ ಎನ್ನುವುದೇ ಇಲ್ಲ ಎಂದು ಹೇಳಬಹುದಿತ್ತು. ವಾರಕ್ಕೆ ಮೂರು, ವರ್ಷಕ್ಕೆ ಎರಡು, ನಿನ್ನ ಮಗನ ಹೆಬ್ಬೆರಳನ್ನೇ ನೋಡು ಎಂದು ಹೇಳಬಹುದಿತ್ತು. ಬೆಳಗಿನಿಂದ ಅದನ್ನೇ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಅವಳ ಜೊತೆ ಒಮ್ಮೆಯೂ ತೆಲುಗು ಆಡದಿದ್ದವನು, ಅವಳ ಮಾತಿನಲ್ಲೇ ಹೇಳಿದ.

"ಶಾನಾ ಮಂಚಿದಮ್ಮಾ." ಬಹಳ ಒಳ್ಳೇದಮ್ಮ.

ಅವಳು ಮುಚ್ಚಿದ ಬಾಗಿಲಿಗೆ ಎರಡೂ ಕೈ ಮುಗಿದು, ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಗಂಗಾಧರ ಖಾಲಿ ಸಿರಿಂಜನ್ನು ಹಿಡಿದುಕೊಂಡು ಅವಳ ಪಕ್ಕ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತುಕೊಂಡ.